ಪರದೆಯ ಪಕ್ಕ ನಿಂತವರು

ಮೈಸೂರಿನ ವಿನೋಬಾ ರಸ್ತೆಯಲ್ಲಿರುವ ಚಿತ್ತರಂಜನ್ ಮಹಲನ್ನು ಕಟ್ಟಿಸಿದ್ದು ರಾಜಮನೆತನದ ಹೆಣ್ಣುಮಕ್ಕಳಿಗಾಗಿ. ಅದರ ನಸೀಬಿನಲ್ಲಿ ಬರೆದಿದ್ದುದು ಮಾತ್ರ ಸಿನಿಮಾದವರ ಸಹವಾಸ. 1935ರಲ್ಲಿ ಅಮೆರಿಕದ ರಾಬರ್ಟ್ ಫ್ಲಾಹರ್ಟಿ ಹೆಂಡತಿ, ಮಗಳು, ತಮ್ಮ, ಪೆಟ್ಟಿಗೆಗಟ್ಟಲೆ ಫಿಲ್ಮು, ಕ್ಯಾಮೆರಾಗಳ ಸಮೇತ ಇಲ್ಲಿಗೆ ಬಂದಿಳಿದರು. ಮುಂದೆ ಇದೇ ಆವರಣದಲ್ಲಿ ಪ್ರೀಮಿಯರ್ ಸ್ಟುಡಿಯೊ ಎದ್ದು, ಕನ್ನಡವೂ ಸೇರಿ ಹಲವು ಭಾಷೆಗಳ ಚಿತ್ರಗಳು ಇಲ್ಲಿ ತಯಾರಾದವು. 1989ರ ಫೆಬ್ರುವರಿ 8ರಂದು 'ಟಿಪ್ಪು ಸುಲ್ತಾನನ ಖಡ್ಗ' ಧಾರಾವಾಹಿಯ ಚಿತ್ರೀಕರಣ ನಡೆದಿದ್ದಾಗ ಆ ಸ್ಟುಡಿಯೊಗೆ ಬೆಂಕಿ ಬಿದ್ದು ಅರವತ್ತಕ್ಕೂ ಹೆಚ್ಚು ಜನ ಸುಟ್ಟು ಸತ್ತರು. ಮಹಲು ಈಗ ಗ್ರೀನ್ ಹೋಟೆಲ್. ಪ್ರವಾಸಿಗರು ಬರುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ. ಈ ಗೋಡೆಗಳ ನಡುವೆಯೇ ಮೈಸೂರನ್ನು ಜಗತ್ತಿಗೆ ತೋರಿಸುವ ಮೊದಲ ದೊಡ್ಡ ಪ್ರಯತ್ನ ನಡೆದಿತ್ತೆಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ!

ಫ್ಲಾಹರ್ಟಿ ಸಾಮಾನ್ಯ ಆಸಾಮಿಯಲ್ಲ. ಕೆನಡಾದ ಹಿಮದಲ್ಲಿ ಬದುಕುವ ಬೇಟೆಗಾರನೊಬ್ಬನ ಸಂಸಾರವನ್ನು ಕುರಿತು ಅವರು 1922ರಲ್ಲಿ ತೆಗೆದ 'ನಾನೂಕ್ ಆಫ್ ದಿ ನಾರ್ತ್' ಸಾಕ್ಷ್ಯಚಿತ್ರಗಳ ಪರಂಪರೆಗೇ ಮೂಲಪುರುಷನ ಸ್ಥಾನದಲ್ಲಿ ನಿಂತಿದೆ. ದೂರದ ಜನರ ಬದುಕನ್ನು ತಂದು ಊರಿನವರ ಮುಂದೆ ಹಿಡಿಯುವುದೇ ಅವರ ಕಸುಬು. ಆ ಹೊತ್ತಿಗೆ ಅಮೆರಿಕ, ಇಂಗ್ಲೆಂಡುಗಳಲ್ಲಿ ಈ ಕಸುಬಿಗೆ ಒಳ್ಳೆಯ ಮಾರುಕಟ್ಟೆಯೂ ಇತ್ತು.

ಆ ಮಾರುಕಟ್ಟೆಯನ್ನು ಕಟ್ಟಿದವರಲ್ಲಿ ಮುಖ್ಯರು ಷಿಕಾಗೋದ ಬರ್ಟನ್ ಹೋಮ್ಸ್. 1870ರಲ್ಲಿ ಹುಟ್ಟಿದ ಈ ಮಹಾನುಭಾವ ಬೇಸಿಗೆಯಲ್ಲಿ ದೇಶ ಸುತ್ತಿ ಚಿತ್ರ ತೆಗೆಯುವುದು, ಚಳಿಗಾಲದಲ್ಲಿ ಊರೂರಿನ ಸಭಾಂಗಣಗಳಲ್ಲಿ ಪರದೆಯ ಪಕ್ಕ ನಿಂತು ಅದನ್ನು ತೋರಿಸುತ್ತಾ ಕಥೆ ಹೇಳುವುದು, ಹೀಗೇ ಜೀವನ ತೆಗೆದರು. ಮೊದಲು ಬಣ್ಣ ಬಳಿದ ಗಾಜಿನ ಸ್ಲೈಡುಗಳು. 1897ರ ಸುಮಾರಿಗೆ ಚಲಿಸುವ ಚಿತ್ರಗಳು. ಬದುಕಿನಲ್ಲಿ ಸುಮಾರು ಎಂಟು ಸಾವಿರ ಉಪನ್ಯಾಸ ಕೊಟ್ಟರೆಂದು ಲೆಕ್ಕ ಹೇಳುತ್ತಾರೆ. ಕೊಡಾಕ್ ಕಂಪನಿ 1923ರಲ್ಲಿ 16 ಎಂ.ಎಂ. ಫಿಲ್ಮನ್ನೂ 1935ರಲ್ಲಿ ಕೊಡಾಕ್ರೋಮ್ ಬಣ್ಣದ ಫಿಲ್ಮನ್ನೂ ಮಾರುಕಟ್ಟೆಗೆ ಬಿಟ್ಟ ಮೇಲಂತೂ ಕೈಯಲ್ಲಿ ಹಿಡಿದು ಓಡಾಡುವಂಥ ಕ್ಯಾಮೆರಾ ಇದ್ದವರೆಲ್ಲ ಹೋಮ್ಸ್‌ನ ಹಾದಿ ಹಿಡಿದರು. ಕಿವಾನಿಸ್, ರೋಟರಿ, ಲಯನ್ಸ್‌ನಂಥ ಸಂಘಗಳು ಶಾಲೆಯ ಸಭಾಂಗಣ ಗೊತ್ತು ಮಾಡಿ, ಇಡೀ ಹಂಗಾಮಿಗೆ ಸೇರಿಸಿ ಟಿಕೆಟ್ ಮಾರಿ, ಈ ತಿಂಗಳು ನಾರ್ವೆ, ಬರುವ ತಿಂಗಳು ಪೆರು ಎಂದು ಸರಣಿಯಾಗಿ ಪ್ರವಾಸ ಚಿತ್ರಗಳನ್ನು ತೋರಿಸತೊಡಗಿದವು. ಬಂದ ಹಣ ಬಡ ಮಕ್ಕಳ ವಿದ್ಯಾರ್ಥಿವೇತನಕ್ಕೋ ಊರಿನ ಇನ್ನಾವುದೋ ಕೆಲಸಕ್ಕೋ ಹೋಗುತ್ತಿತ್ತು. ಚಿತ್ರ ತೆಗೆದವರೇ ವೇದಿಕೆ ಮೇಲೆ ನಿಂತು ವಿವರಿಸುವುದು, ಕೊನೆಗೆ ಸಭಿಕರ ಪ್ರಶ್ನೆಗೆ ಉತ್ತರಿಸುವುದು ಇದರ ವಿಶೇಷ. ಟಿ.ವಿ. ಬಂದ ಮೇಲೂ ಈ ಪದ್ಧತಿ ಅಲ್ಲಿನ ಸಣ್ಣ ಊರುಗಳಲ್ಲಿ ಹಟಮಾರಿಯಂತೆ ಉಳಿದುಕೊಂಡಿತು.

ಸಿನಿಮಾ ಮಂದಿರಗಳಿಗೆ ಬೇರೆ ಸರಕು. ಜೇಮ್ಸ್ ಫಿಟ್ಜ್‌ಪ್ಯಾಟ್ರಿಕ್ ಎಂ.ಜಿ.ಎಂ. ಕಂಪನಿಗೆ 1930ರಿಂದ ಎರಡು ದಶಕಕ್ಕೂ ಮೀರಿ ಹತ್ತು ನಿಮಿಷದ ಪ್ರವಾಸ ಚಿತ್ರಗಳನ್ನು ಒದಗಿಸಿದರು. ಕಾಶಿಯ ಮೇಲೊಂದು, ಜೈಪುರದ ಮೇಲೊಂದು ಅದರಲ್ಲಿವೆ. ಪ್ರತಿ ಚಿತ್ರವೂ ಸೂರ್ಯಾಸ್ತ ತೋರಿಸಿ, ಒಲ್ಲದ ಮನಸ್ಸಿನಿಂದ ಬೀಳ್ಕೊಡುವ ಧಾಟಿಯಲ್ಲಿ ಮುಗಿಯುತ್ತಿತ್ತು. ಆ ಧಾಟಿಯನ್ನು ನಟ ಪೀಟರ್ ಸೆಲರ್ಸ್ ಮುಂದೆ ಎಷ್ಟು ಚೆನ್ನಾಗಿ ಅಣಕಿಸಿದರೆಂದರೆ, ಆ ಅಣಕ ಕೇಳಿದ ಮೇಲೆ ಮೂಲವನ್ನು ನಗದೆ ನೋಡುವುದು ಕಷ್ಟ.

ಇಂಥ ಕಣ್ಣಿಗೆ ಮೈಸೂರು ಹೇಳಿ ಮಾಡಿಸಿದ ಊರು. ಹೆನ್ರಿ ಇರ್ವಿನ್ ನಕ್ಷೆ ಹಾಕಿದ ಹೊಸ ಅರಮನೆ 1912ಕ್ಕೆ ಪೂರ್ಣಗೊಂಡಿತ್ತು. ದಸರೆಯ ಮೆರವಣಿಗೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಂಬಾರಿ ಏರಿ ಬರುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾಗಿ ಖೆಡ್ಡಾ ಇತ್ತು.

ಕಾಡಾನೆಗಳ ಹಿಂಡನ್ನೇ ಕಂದಕ, ಬೇಲಿಗಳ ಒಳಕ್ಕೆ ಅಟ್ಟಿ ಹಿಡಿಯುವ ಈ ಪದ್ಧತಿಯನ್ನು ಮೈಸೂರು ಸೀಮೆಯಲ್ಲಿ 1870ರ ದಶಕದಲ್ಲಿ ನೆಲೆಗೊಳಿಸಿದವರು ಜಿ.ಪಿ. ಸ್ಯಾಂಡರ್ಸನ್. ಕಾಲುವೆ ನೋಡಿಕೊಳ್ಳಲು ಬಂದ ಅಧಿಕಾರಿ ಆನೆ ಹಿಡಿಯುವುದರಲ್ಲಿ ಪಳಗಿಬಿಟ್ಟರು. ಅವರು ಬರೆದ ಅನುಭವಗಳ ಪುಸ್ತಕ 1878ರಲ್ಲಿ ಬಂತು. ಖೆಡ್ಡಾ ಕ್ರಮೇಣ ಚಾಮರಾಜನಗರದ ಕಡೆಯಿಂದ ಕಬಿನಿ ದಂಡೆಯ ಕಾಕನಕೋಟೆಗೆ ಸರಿಯಿತು. ಜೇನುಕುರುಬರೂ ಕಾಡುಕುರುಬರೂ ಜಾಡು ಹಿಡಿದು ಕೊಡಬೇಕು, ಮಾವುತರು ಸಾಕಿದ ಆನೆಗಳ ಮೇಲೆ ಕೂತು ಹಿಂಡನ್ನು ಒತ್ತರಿಸಬೇಕು, ಹಿಂಡು ಹೊಳೆ ದಾಟುವಾಗ ಅತಿಥಿಗಳು ಗ್ಯಾಲರಿಯಲ್ಲಿ ಕೂತು ನೋಡಬೇಕು. ಬ್ರಿಟಿಷ್ ರಾಜಕುಮಾರರು, ವೈಸರಾಯರು ಬಂದರೆಂದರೆ ಖೆಡ್ಡಾ ಏರ್ಪಾಡಾಗುತ್ತಿತ್ತು. 1922ರ ಜನವರಿಯಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮೈಸೂರಿಗೆ ಬಂದ ವೇಳೆಗಾಗಲೇ ರಾಜ ಪ್ರವಾಸದ ಬೆನ್ನಿಗೆ ಸಿನಿಮಾ ಕ್ಯಾಮೆರಾಗಳು ಬರುವುದು ವಾಡಿಕೆಯಾಗಿತ್ತು. ಜಾಡು ಹಿಡಿದ ಕುರುಬರ ಹೆಸರು ಈ ವೈಭವದ ವರದಿಗಳಲ್ಲಿ ಸಿಕ್ಕುವುದು ಅಪರೂಪ.

ಫ್ಲಾಹರ್ಟಿಯವರನ್ನು ಕಳಿಸಿದ್ದು ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ. ಕಥೆ ಕಿಪ್ಲಿಂಗನದು, ಹುಡುಗನೊಬ್ಬ ಆನೆಗಳ ಕುಣಿತ ಕಂಡು ಬಂದದ್ದು. ತಮಾಷೆಯೆಂದರೆ ಕಿಪ್ಲಿಂಗನ ಕಥೆ ನಡೆಯುವುದು ಈಶಾನ್ಯದ ಗಾರೋ ಬೆಟ್ಟಗಳಲ್ಲಿ. ಅದರಲ್ಲಿನ ಆನೆ ಹಿಡಿಯುವ ದೊರೆಯ ಪಾತ್ರಕ್ಕೆ ಮಾತ್ರ ನಮ್ಮ ಸ್ಯಾಂಡರ್ಸನ್ನರೇ ಮಾದರಿ ಎನ್ನುತ್ತಾರೆ. ಹೀಗಾಗಿ ಕಥೆ ಸುತ್ತು ಬಳಸಿ ತನ್ನ ಊರಿಗೇ ಬಂದಂತಾಯಿತು. ಮಹಾರಾಜರು ಚಿತ್ತರಂಜನ್ ಮಹಲನ್ನು ಬಿಟ್ಟುಕೊಟ್ಟರು. ಅದೇ ತಂಡದ ಬಿಡಾರ, ಅದೇ ಕಾರ್ಖಾನೆ. ಅರಮನೆಯ ಲಾಯದ ದೈತ್ಯ ಆನೆ ಐರಾವತ ಕಥೆಯ ಆನೆ ಕಾಲಾನಾಗನ ಪಾತ್ರ ಹಾಕಿತು. ಹುಡುಗನ ಪಾತ್ರಕ್ಕೆ ಹುಡುಕಾಟ ನಡೆದಾಗ ಕ್ಯಾಮೆರಾದ ಓಸ್ಮಂಡ್ ಬೊರಡೇಲ್ ಕಣ್ಣಿಗೆ ಬಿದ್ದವನು ಕಾರಾಪುರದ ಮಾವುತನೊಬ್ಬನ ಮಗ, ತಬ್ಬಲಿ ಸಾಬು. ವಯಸ್ಸು ಹನ್ನೊಂದರ ಆಸುಪಾಸು.

ಫ್ಲಾಹರ್ಟಿ ಅವಸರದ ಮನುಷ್ಯರಲ್ಲ. ವರ್ಷ ಕಳೆಯಿತು, ಫಿಲ್ಮು ರಾಶಿ ಬಿತ್ತು, ಕಥೆ ಮುಂದಕ್ಕೆ ಹೋಗಲಿಲ್ಲ. ಕೋರ್ಡಾಗೆ ಸಾಕಾಯಿತು. ತಮ್ಮ ಜೋಲ್ಟಾನನನ್ನು ಕಳಿಸಿ, ತಂಡವನ್ನು 1936ರಲ್ಲಿ ಇಂಗ್ಲೆಂಡಿಗೆ ವಾಪಸ್ ಕರೆಸಿಕೊಂಡರು. ಮಾತಿನ ದೃಶ್ಯಗಳ ಬಹುಪಾಲನ್ನು ಲಂಡನ್ ಹತ್ತಿರದ ಡೆನ್ಹ್ಯಾಮ್ ಸ್ಟುಡಿಯೊದಲ್ಲಿ ತೆಗೆದದ್ದು. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಗೆ ಬಂದಾಗ ಅದರಲ್ಲಿ ಎರಡು ಚಿತ್ರಗಳಿದ್ದವು: ಕಾಕನಕೋಟೆಯ ಕಾಡು, ಹೊಳೆ, ಆನೆಗಳ ಮೈ, ಆ ಹುಡುಗನ ಮುಖ ಇರುವ ಫ್ಲಾಹರ್ಟಿಯ ಚಿತ್ರ; ದೊರೆಗಳು ರಟ್ಟಿನ ಕಾಡಿನಲ್ಲಿ ಮಾತಾಡುವ ಕೋರ್ಡಾ ಚಿತ್ರ. ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಫ್ಲಾಹರ್ಟಿ, ಜೋಲ್ಟಾನ್ ಇಬ್ಬರಿಗೂ ಸೇರಿ ಬಂತು. ಇವತ್ತು ನೋಡಿದರೆ ಮೊದಲನೆಯದಕ್ಕೆ ಮಾತ್ರ ಜೀವವಿದೆ.

ಸಾಬು ಹಿಂದಿರುಗಿ ಬಂದು ಇಲ್ಲಿ ನೆಲೆಸಲಿಲ್ಲ. ಅಣ್ಣನೊಡನೆ ಇಂಗ್ಲೆಂಡಿಗೆ ಹೋದ ಹುಡುಗ 'ದಿ ಥೀಫ್ ಆಫ್ ಬಾಗ್ದಾದ್', 'ಜಂಗಲ್ ಬುಕ್' ಚಿತ್ರಗಳಿಂದ ಹಾಲಿವುಡ್ ತಾರೆಯಾದ, 1944ರಲ್ಲಿ ಅಮೆರಿಕದ ಪೌರನಾದ, ಮಹಾಯುದ್ಧದಲ್ಲಿ ಆ ದೇಶದ ಬಾಂಬರ್ ವಿಮಾನದ ಬಂದೂಕು ಹಿಡಿದ. 1963ರಲ್ಲಿ ತೀರಿಕೊಂಡಾಗ ಇನ್ನೂ ಮೂವತ್ತೊಂಬತ್ತು ವರ್ಷ. ಪ್ರವಾಸ ಚಿತ್ರದವರ ಮುಂದೆ ನಿಂತ ಮೈಸೂರಿನ ಹುಡುಗನಿಗೆ ಜಗತ್ತು ಸುತ್ತುವ ಯೋಗ ಬಂತು, ನಿಜ. ಆದರೆ ಅವನು ಕಂಡ ಜಗತ್ತನ್ನು ಕಾರಾಪುರದವರಿಗೆ ಹೇಳಲು ಅವನಿಗೆ ಯಾರೂ ಪರದೆ ಕೊಡಲಿಲ್ಲ.

ಹಾಗಾದರೆ ಮೈಸೂರಿನವರು ಜಗತ್ತನ್ನು ಕಂಡದ್ದು ಹೇಗೆ? ಜಾತ್ರೆಗಳಲ್ಲಿ ಬಯಾಸ್ಕೋಪ್ ಪೆಟ್ಟಿಗೆಯವನು ಬರುತ್ತಿದ್ದ. ಮಕ್ಕಳು ತೂತಿಗೆ ಕಣ್ಣು ಹಚ್ಚಿ ನಿಂತರೆ ಅವನು ಹಿಡಿ ತಿರುಗಿಸುತ್ತಾ ಊರುಗಳ ಹೆಸರು ಹಾಡುತ್ತಿದ್ದ. ಬರ್ಟನ್ ಹೋಮ್ಸ್ ಮಾಡಿದ್ದೂ ಇದನ್ನೇ, ಕೋಟು ಹಾಕಿಕೊಂಡು. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಚಿತ್ರಗಳು ಪ್ರದರ್ಶನವಾದ ಮೇಲೆ ಸಿನಿಮಾ ಡೇರೆಗಳಲ್ಲಿ ಊರೂರಿಗೆ ನಡೆಯಿತು. ಮೂಕಿ ಚಿತ್ರಗಳ ಕಾಲದಲ್ಲಿ ಓದು ಬಾರದ ಪ್ರೇಕ್ಷಕರಿಗಾಗಿ ಪರದೆಯ ಪಕ್ಕ ಒಬ್ಬ ನಿಂತು, ಬರುವ ಅಕ್ಷರಗಳನ್ನು ದೇಶಭಾಷೆಯಲ್ಲಿ ಕೂಗಿ ಹೇಳುವುದು, ತನ್ನದೂ ಒಂದಿಷ್ಟು ಸೇರಿಸುವುದು ದಕ್ಷಿಣದ ಡೇರೆಗಳಲ್ಲಿ ಸಾಮಾನ್ಯ. 1934ರಲ್ಲಿ 'ಸತಿ ಸುಲೋಚನ' ಬಂದು ಪರದೆಯೇ ಕನ್ನಡ ಮಾತಾಡತೊಡಗಿದಾಗ ಈ ಮನುಷ್ಯನ ಕೆಲಸ ಹೋಯಿತು. ಅವನ ಕಸುಬಿನ ಚರಿತ್ರೆಯನ್ನು ಕನ್ನಡದಲ್ಲಿ ಯಾರಾದರೂ ಕೂತು ಬರೆಯಬೇಕು.

ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ಫಿಲ್ಮ್ಸ್ ಡಿವಿಷನ್ ಹುಟ್ಟಿತು. ಯಾವ ಮಂದಿರವಾದರೂ ಸರಿ, ಮುಖ್ಯ ಚಿತ್ರದ ಮೊದಲು ಸರ್ಕಾರದ ವಾರ್ತಾಚಿತ್ರವನ್ನೋ ಸಾಕ್ಷ್ಯಚಿತ್ರವನ್ನೋ ತೋರಿಸಲೇಬೇಕಿತ್ತು, ಅದಕ್ಕೆ ಬಾಡಿಗೆಯನ್ನೂ ಕೊಡಬೇಕಿತ್ತು. ಮೈಸೂರಿನ ಒಲಿಂಪಿಯಾ, ಪ್ರಭಾ, ಗಾಯತ್ರಿಗಳಲ್ಲೂ ಇದೇ ನಿಯಮ. ಭಾಕ್ರಾ ಅಣೆಕಟ್ಟು, ನಾಗಾಲ್ಯಾಂಡಿನ ಕುಣಿತ, ನೆಹರೂ ವಿದೇಶ ಪ್ರವಾಸ, ಬಿಹಾರದ ನೆರೆ, ಎಲ್ಲಕ್ಕೂ ಅದೇ ಗಂಭೀರ ಕಂಠ. ಕನ್ನಡದ ಪ್ರತಿಗಳೂ ಬರುತ್ತಿದ್ದವು, ಮುಂಬಯಿಯಲ್ಲಿ ತಯಾರಾಗಿ. 'ನ್ಯೂಸ್‌ರೀಲ್ ಮುಗಿದ ಮೇಲೆ ಹೋದರಾಯ್ತು ಬಿಡಿ' ಎಂದು ಹೊರಗೆ ಕಡಲೆಕಾಯಿ ತಿನ್ನುತ್ತಾ ನಿಲ್ಲುವವರು ಇದ್ದೇ ಇದ್ದರು. ಆದರೂ ಒಂದು ತಲೆಮಾರಿನ ಬಹಳ ಮಂದಿ ಹಿಮಾಲಯವನ್ನೂ ಕಡಲನ್ನೂ ಮೊದಲು ಕಂಡದ್ದು ಅಲ್ಲೇ. ಕನ್ನಡಕ್ಕೆ 'ಸುಬ್ಬಾಶಾಸ್ತ್ರಿ' ಕೊಟ್ಟ ಎಂ.ವಿ. ಕೃಷ್ಣಸ್ವಾಮಿಯವರೂ ಈ ಸಂಸ್ಥೆಗೆ ಸಾಕ್ಷ್ಯಚಿತ್ರಗಳನ್ನು ಮಾಡಿದವರೇ.

ಚಿತ್ರ ನೋಡುವುದಕ್ಕಿಂತ ಓದುವುದರಲ್ಲಿ ಕನ್ನಡಿಗರು ಆ ಕಾಲದಲ್ಲಿ ಹೆಚ್ಚು ದೂರ ಹೋದರು. ಕಾರಂತರ 'ಅಪೂರ್ವ ಪಶ್ಚಿಮ', ಗೋಕಾಕರ 'ಸಮುದ್ರದಾಚೆಯಿಂದ', ಎ.ಎನ್. ಮೂರ್ತಿರಾಯರ 'ಅಪರವಯಸ್ಕನ ಅಮೆರಿಕಾ ಯಾತ್ರೆ', ಗೊರೂರರ 'ಅಮೆರಿಕಾದಲ್ಲಿ ಗೊರೂರು' ಇವೆಲ್ಲ ಕ್ಯಾಮೆರಾ ಇಲ್ಲದ ಪ್ರವಾಸ ಚಿತ್ರಗಳು. ಗೊರೂರರ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಫಿಟ್ಜ್‌ಪ್ಯಾಟ್ರಿಕ್‌ನ ಚಿತ್ರಗಳಲ್ಲಿ ಕಾಣದ ಒಂದು ಗುಣ ಇವುಗಳಲ್ಲಿದೆ: ಹೋದವನು ತನ್ನ ಊರನ್ನು ಜೊತೆಗೇ ಒಯ್ದಿರುತ್ತಾನೆ, ಕಂಡದ್ದನ್ನು ಅದರ ಪಕ್ಕಕ್ಕಿಟ್ಟು ತೂಗುತ್ತಾನೆ, ಪೆಚ್ಚಾದರೆ ಪೆಚ್ಚಾದೆ ಎನ್ನುತ್ತಾನೆ.

ಮೈಸೂರನ್ನು ಹೊರಗಿನವರಿಗೆ ತೋರಿಸುವ ಕೆಲಸ ಆರ್.ಕೆ. ನಾರಾಯಣರ ಪಾಲಿಗೂ ಬಂದಿತ್ತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ ಸರ್ಕಾರ ಅವರಿಂದ ಸಂಸ್ಥಾನದ ಪ್ರವಾಸ ಪುಸ್ತಕ ಬರೆಸಿತು. ದಶಕಗಳ ನಂತರ ಕರ್ನಾಟಕ ಸರ್ಕಾರಕ್ಕಾಗಿ 'ದಿ ಎಮರಾಲ್ಡ್ ರೂಟ್' ಬರೆದರು, ತಮ್ಮ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದರು. ಆದರೆ ಸಿನಿಮಾದವರಿಗೆ ಊರು ತೋರಿಸಲು ಹೋಗಿ ನಾರಾಯಣರು ಪಟ್ಟ ಪಾಡೇ ಬೇರೆ. 'ಗೈಡ್' ಕಾದಂಬರಿ ಚಿತ್ರವಾಗುತ್ತದೆಂದಾಗ ಅಮೆರಿಕದ ನಿರ್ದೇಶಕ ಟಾಡ್ ಡ್ಯಾನಿಯೆಲೆವ್ಸ್ಕಿಯನ್ನೂ ತಂಡವನ್ನೂ ಕಾವೇರಿ ದಂಡೆ, ಆಲದ ನೆರಳಿನ ಗುಡಿ, ಬೆಟ್ಟ, ಸಣ್ಣ ರೈಲು ನಿಲ್ದಾಣ ಎಂದೆಲ್ಲ ಸುತ್ತಾಡಿಸಿದರು. ಬಂದವರು ಮೆಚ್ಚಿ ತಲೆದೂಗಿದರು. ಆಮೇಲೆ ಚಿತ್ರೀಕರಣಕ್ಕೆ ಜೈಪುರ, ಉದಯಪುರಗಳಿಗೆ ಹೋದರು! ಅಗಲ ಪರದೆಗೆ, ಬಣ್ಣದ ಫಿಲ್ಮಿಗೆ ನಾರಾಯಣರ ಕಲ್ಪನೆಯ ಊರಾದ ಮಾಲ್ಗುಡಿಯ ಸಂಕೋಚ ಸಾಲದಾಯಿತು. ಆ ಕಥೆಯನ್ನು ನಾರಾಯಣರು ಮುಂದೆ ಒಂದು ಪ್ರಬಂಧದಲ್ಲಿ ನಗುತ್ತಲೇ ಬರೆದುಕೊಂಡರು. ನಗು ತುಸು ಕಹಿ. ಕಿಪ್ಲಿಂಗನ ಗಾರೋ ಬೆಟ್ಟವನ್ನು ಕಾಕನಕೋಟೆಗೆ ತಂದವರು ಒಬ್ಬರು, ಮೈಸೂರಿನ ಹೊಳೆದಂಡೆಯನ್ನು ರಾಜಸ್ಥಾನಕ್ಕೆ ಒಯ್ದವರು ಇನ್ನೊಬ್ಬರು. ಊರು ಯಾವುದಾದರೇನು ಎಂಬ ಉದಾಸೀನ ಎರಡು ಕಡೆಯೂ ಒಂದೇ.

ಕ್ಯಾಮೆರಾ ದಿಕ್ಕು ಬದಲಿಸಿದ್ದು 1978ರಲ್ಲಿ. ಬದಲಿಸಿದವರು ಸಂಘ ಸಂಸ್ಥೆಯವರೂ ಅಲ್ಲ, ಸಾಕ್ಷ್ಯಚಿತ್ರದವರೂ ಅಲ್ಲ. ಹುಣಸೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಡಿಪ್ಲೊಮಾ ಓದಿ, ಅಲ್ಲೇ ಅಣ್ಣನ ಜೊತೆ ಭಾರತ್ ಆಟೊ ಸ್ಪೇರ್ಸ್ ಎಂಬ ಬಿಡಿಭಾಗಗಳ ಅಂಗಡಿ ನಡೆಸಿದ್ದ ದ್ವಾರಕೀಶ್. ಅವರು ನಿರ್ಮಿಸಿದ 'ಸಿಂಗಾಪುರದಲ್ಲಿ ರಾಜಾ ಕುಳ್ಳ' ವಿದೇಶದಲ್ಲಿ ಚಿತ್ರೀಕರಣವಾದ ಮೊದಲ ಕನ್ನಡ ಚಿತ್ರ. ರಾಜನಾದವರು ಮೈಸೂರಿನಲ್ಲೇ ಹುಟ್ಟಿದ ವಿಷ್ಣುವರ್ಧನ್. ಕಥೆ ಏನೇ ಇರಲಿ, ಜನ ಮುಗಿಬಿದ್ದದ್ದು ಸಿಂಗಪುರ ನೋಡುವುದಕ್ಕೂ ಹೌದು. ವಿಮಾನ ನಿಲ್ದಾಣ, ಎತ್ತರದ ಕಟ್ಟಡ, ನುಣ್ಣನೆ ರಸ್ತೆ, ಅವುಗಳ ನಡುವೆ ತಮ್ಮದೇ ಭಾಷೆಯಲ್ಲಿ ಜಗಳವಾಡುವ ಎತ್ತರದವನೊಬ್ಬ, ಕುಳ್ಳನೊಬ್ಬ. ವಿಮರ್ಶಕರು ಇದನ್ನು ಪ್ರವಾಸ ಚಿತ್ರವೆಂದು ಎಣಿಸುವುದಿಲ್ಲ, ಎಣಿಸಬೇಕು. 1986ರಲ್ಲಿ ದ್ವಾರಕೀಶ್ 'ಆಫ್ರಿಕಾದಲ್ಲಿ ಶೀಲಾ' ತೆಗೆದು ಆ ಖಂಡದ ಕಾಡಿಗೂ ಹೋದರು. ಆಫ್ರಿಕಾದ ಜನರನ್ನು ಅದು ತೋರಿಸಿದ ರೀತಿಯಲ್ಲಿ ಹಳೆಯ ಹಾಲಿವುಡ್ಡಿನ ನೆರಳಿದೆ, ಮೆಚ್ಚುವಂಥದ್ದಲ್ಲ. ಸಾಬುವನ್ನು ಲಂಡನ್ನಿನವರು ಹೇಗೆ ನೋಡಿದರೋ ಹಾಗೇ ನಾವೂ ಬೇರೆಯವರನ್ನು ನೋಡಬಲ್ಲೆವು ಎಂಬುದಕ್ಕೆ ಅದೊಂದು ಸಾಕ್ಷಿ.

ಅತ್ತ ಕಾಕನಕೋಟೆಯಲ್ಲಿ 1971ರಲ್ಲಿ ಕೊನೆಯ ಖೆಡ್ಡಾ ಮುಗಿದಿತ್ತು. ಆಮೇಲೆ ಕಬಿನಿ ಜಲಾಶಯದ ನೀರು ಆ ನೆಲವನ್ನು ನುಂಗಿತು. ಕಾರಾಪುರದಲ್ಲಿದ್ದ ಮಹಾರಾಜರ ಬೇಟೆ ಬಂಗಲೆ ಜಂಗಲ್ ಲಾಡ್ಜಸ್‌ನ ವಿಹಾರಧಾಮವಾಗಿ, ಕೋವಿ ಹಿಡಿದವರ ಜಾಗಕ್ಕೆ ಕ್ಯಾಮೆರಾ ಹಿಡಿದವರು ಬಂದರು. ಅದೇ ಸೀಮೆಯ ಕಾಡುಗಳಲ್ಲಿ ವರ್ಷಗಟ್ಟಲೆ ಅಲೆದ ವನ್ಯಜೀವಿ ಛಾಯಾಗ್ರಾಹಕರು ಮೈಸೂರಿನ ಜೋಡಿ ಕೃಪಾಕರ–ಸೇನಾನಿ. 1997ರಲ್ಲಿ ಕಾಡುಗಳ್ಳ ವೀರಪ್ಪನ್ ಇವರನ್ನು ಅಪಹರಿಸಿ ಎರಡು ವಾರ ಕಾಡಿನಲ್ಲಿಟ್ಟುಕೊಂಡಿದ್ದ. ಬಿಡುಗಡೆಯಾಗಿ ಬಂದವರು ಕಾಡು ಬಿಡಲಿಲ್ಲ. ಸೀಳುನಾಯಿಗಳ ಹಿಂಡೊಂದರ ಬೆನ್ನು ಹತ್ತಿ ತೆಗೆದ 'ದಿ ಪ್ಯಾಕ್' 2010ರಲ್ಲಿ ಬ್ರಿಸ್ಟಲ್‌ನ ವೈಲ್ಡ್‌ಸ್ಕ್ರೀನ್ ಉತ್ಸವದಲ್ಲಿ, ಹಸಿರು ಆಸ್ಕರ್ ಎಂದು ಕರೆಸಿಕೊಳ್ಳುವ ಪಾಂಡಾ ಪ್ರಶಸ್ತಿ ಗೆದ್ದಿತು. ಫ್ಲಾಹರ್ಟಿ ವರ್ಷಕ್ಕೂ ಮೇಲೆ ಉಳಿದರು, ಇವರು ಅಲ್ಲಿಯವರೇ. ಯಾವ ಹೊಳೆಯಂಚಿಗೆ ಯಾವ ಹೊತ್ತಿಗೆ ಹಿಂಡು ಬರುತ್ತದೆ, ಮುದಿ ಹೆಣ್ಣುನಾಯಿ ಯಾಕೆ ಹಿಂದೆ ಬಿತ್ತು ಎಂಬುದೆಲ್ಲ ಬಂದು ಹೋಗುವವರಿಗೆ ದಕ್ಕುವ ಸಂಗತಿಯಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ತಂಡದ 'ವೈಲ್ಡ್ ಕರ್ನಾಟಕ' ಡೇವಿಡ್ ಅಟೆನ್‌ಬರೊ ನಿರೂಪಣೆಯೊಡನೆ 2020ರ ಜನವರಿಯಲ್ಲಿ ಚಿತ್ರಮಂದಿರಕ್ಕೇ ಬಂತು. ಪುನೀತ್ ರಾಜ್‌ಕುಮಾರ್ ತೀರಿಕೊಂಡ ಒಂದು ವರ್ಷಕ್ಕೆ, 2022ರ ಅಕ್ಟೋಬರ್ 28ರಂದು, 'ಗಂಧದ ಗುಡಿ' ತೆರೆ ಕಂಡಿತು. ನಟನೊಬ್ಬ ಪಾತ್ರವನ್ನು ಕಳಚಿಟ್ಟು ನಾಡು ಸುತ್ತುವ ಚಿತ್ರಕ್ಕೆ ಅಷ್ಟು ಜನ ಟಿಕೆಟ್ ಕೊಂಡದ್ದು ಕನ್ನಡದಲ್ಲಿ ಹಿಂದೆಂದೂ ಆಗಿರಲಿಲ್ಲ. ಇನ್ನು ಫೋನಿನ ಪರದೆಯ ಮೇಲೆ ಡಾ. ಬ್ರೋ ಎಂದೇ ಹೆಸರಾದ ಗಗನ್ ಶ್ರೀನಿವಾಸ್ 'ನಮಸ್ಕಾರ ದೇವ್ರು' ಎನ್ನುತ್ತಾ ಅಫ್ಘಾನಿಸ್ತಾನದ ಬೀದಿಯಲ್ಲಿ ನಿಂತರೆ ಇಲ್ಲಿ ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ಕೂತು ನೋಡುತ್ತಾರೆ. ಮೂಕಿ ಚಿತ್ರದ ಡೇರೆಯಲ್ಲಿ ಪರದೆಯ ಪಕ್ಕ ನಿಂತು ಕೂಗುತ್ತಿದ್ದವನ ವಂಶಸ್ಥರು ಇವರೇ. ಇವರ ಅವಸರ, ಅಬ್ಬರಗಳ ಬಗ್ಗೆ ತಕರಾರು ತೆಗೆಯಬಹುದು. ಆದರೆ ದೂರದ ದೇಶವೊಂದನ್ನು ಮೊದಲ ಬಾರಿಗೆ ಕಾಣುವ ಕನ್ನಡ ಮಗುವಿಗೆ ಅದನ್ನು ವಿವರಿಸುವ ಕಂಠ ಈಗ ಕನ್ನಡದ್ದು, ಇಲ್ಲಿಯದು. ಫಿಲ್ಮ್ಸ್ ಡಿವಿಷನ್ನಿನ ಮುಂಬಯಿ ಕನ್ನಡ ಕೇಳಿ ಬೆಳೆದವರಿಗೆ ಇದರ ಬೆಲೆ ಗೊತ್ತು.

ಇಲ್ಲದಿರುವುದು ಸಭೆ ಮಾತ್ರ. ಫೋನಿನಲ್ಲಿ ಒಬ್ಬೊಬ್ಬರೇ ನೋಡುತ್ತೇವೆ, ಪ್ರಶ್ನೆ ಕೇಳುವುದಿಲ್ಲ. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಚಿತ್ರಸಮಾಜ 1973ರಿಂದಲೇ ಜಪಾನು, ಇಟಲಿಗಳ ಚಿತ್ರಗಳನ್ನು ಕನ್ನಡದಲ್ಲಿ ಪರಿಚಯಿಸಿ ರೈತರಿಗೆ ತೋರಿಸಿ, ಚರ್ಚೆ ಮಾಡಿಸಿ ದಾರಿ ಹಾಕಿಕೊಟ್ಟಿತ್ತು. ಮೈಸೂರಿಗೆ ಕಲಾಮಂದಿರವಿದೆ, ವಿಶ್ವವಿದ್ಯಾಲಯದ ಸಭಾಂಗಣಗಳಿವೆ, ದಸರೆಯಲ್ಲಿ ಚಲನಚಿತ್ರೋತ್ಸವವೂ ನಡೆಯುತ್ತದೆ. ಊರಿನ ಮನೆಮನೆಯಲ್ಲಿ ವಿದೇಶದಲ್ಲಿರುವ ಮಕ್ಕಳಿದ್ದಾರೆ, ಅವರಲ್ಲಿಗೆ ಹೋಗಿ ಬಂದ ಅಪ್ಪ ಅಮ್ಮಂದಿರಿದ್ದಾರೆ, ಅವರ ಕೈಯಲ್ಲಿ ಗಂಟೆಗಟ್ಟಲೆ ಚಿತ್ರಗಳಿವೆ. ಕಾಡಿನ ಹಾಡಿಗಳಿಂದ ಬಂದು ಕ್ಯಾಮೆರಾ ಕಲಿತ ಹುಡುಗ ಹುಡುಗಿಯರೂ ಇದ್ದಾರೆ. ದಸರೆಯ ಉತ್ಸವದವರು ಮುಂದಿನ ವರ್ಷ ಒಂದೇ ಒಂದು ಸಂಜೆಯನ್ನು ಇಂಥವರಿಗೆ ಬಿಟ್ಟುಕೊಟ್ಟು, ಚಿತ್ರ ತೆಗೆದವರನ್ನೇ ಪರದೆಯ ಪಕ್ಕ ನಿಲ್ಲಿಸಿ ಕನ್ನಡದಲ್ಲಿ ಮಾತಾಡಿಸಲಿ. ಮೊದಲ ಚಿತ್ರವಾಗಿ ಬೇಕಾದರೆ 'ಎಲಿಫೆಂಟ್ ಬಾಯ್' ಹಾಕಲಿ, ವಿವರಿಸುವುದಕ್ಕೆ ಕಾಕನಕೋಟೆ ಸೀಮೆಯ ಮಾವುತರ ಮನೆಯವರನ್ನೇ ಕರೆಯಲಿ.